ಒಂಬತ್ತನೇ ವರಸೆ

ಪದಕದ ಪಟ್ಟಿಯಲ್ಲಿ ಕಟ್ಟಿದ ಬೆಳ್ಳುಳ್ಳಿ ಗೊಂಚಲು ಜಾರುವುದಿಲ್ಲ ಎಂಬುದನ್ನು ಸುಯುನ್ ಕಂಡುಕೊಂಡು ಮೂರು ವರ್ಷವಾಗಿತ್ತು. ಗಂಡ ಕೈಷಾನ್ ಊರೂರಿನ ಮುಷ್ಟಿವಿದ್ಯೆ ಸ್ಪರ್ಧೆ ಸುತ್ತಿ ಗೆದ್ದು ತರುತ್ತಿದ್ದ ಚಿನ್ನದ ಪದಕಗಳಿಗೆ ಗೋಡೆಯಲ್ಲಿ ಮೊಳೆ ಸಾಲದಾದಾಗ ಅವಳು ಬಿಲ್ಲೆಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಸುರಿದು, ಪಟ್ಟಿಗಳನ್ನು ಕತ್ತರಿಸಿ ಅಡುಗೆಮನೆಗೆ ತಂದಿದ್ದಳು. ಚಿನ್ನವೆಂದರೆ ಯಾವ ಚಿನ್ನ! ಉಗುರಿನಲ್ಲಿ ಕೆರೆದರೆ ತಗಡು ಕಾಣುತ್ತಿತ್ತು. ಪಟ್ಟಿ ಮಾತ್ರ ಗಟ್ಟಿ.

ಆ ಭಾನುವಾರವೂ ಕೈಷಾನ್ ಒಂದನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂತ. ಕೋಸಿನ ಪಲ್ಯ, ಹಬೆಯಲ್ಲಿ ಬೇಯಿಸಿದ ಗೋಧಿ ಬನ್ನು, ನವಣೆ ಗಂಜಿ. ಪದಕ ಗಂಜಿಯೊಳಗೆ ಮುಳುಗೇಳುತ್ತಿತ್ತು.

"ನಲವತ್ತೊಂದನೇದು!" ಅಂದ.

"ನಿಮ್ಮ ವಿಭಾಗದಲ್ಲಿ ಎಷ್ಟು ಜನ ಇದ್ರು?" ಕೇಳಿದವರು ಅವನ ಅಪ್ಪ, ಟೋಂಗ್ ಬಾಯ್‌ಚೆನ್. ವಯಸ್ಸು ಎಪ್ಪತ್ತೊಂಬತ್ತು, ಹಲ್ಲು ಅರ್ಧ ಉದುರಿದ್ದರೂ ನಾಲಗೆ ಪೂರ್ತಿ ಇತ್ತು.

"ಐದು."

"ಚಿನ್ನ ಎಷ್ಟು ಕೊಟ್ರು?"

"ಮೂರು."

"ಉಳಿದಿಬ್ಬರಿಗೆ?"

"ಬೆಳ್ಳಿ."

"ಅಂದ್ರೆ ಸೋತೋನು ಒಬ್ಬನೂ ಇಲ್ಲ. ಸೋಲೋನೇ ಇಲ್ದಿದ್ಮೇಲೆ ನೀನು ಗೆದ್ದಿದ್ದು ಯಾರ ಮೇಲೋ?"

ಹದಿನೈದರ ಮೊಮ್ಮಗಳು ಮಿಯಾನ್ ಮೊಬೈಲಿನಿಂದ ತಲೆ ಎತ್ತದೆ ಕಿಸಕ್ಕೆಂದಳು. ಕೈಷಾನ್ ಬನ್ನನ್ನು ತಟ್ಟೆಗೆ ಕುಕ್ಕಿದ.

"ನಗಬೇಡ ಕಣೇ! ಅಪ್ಪ, ಈ ಸ್ಪರ್ಧೆಗಳು ಇರೋದ್ರಿಂದ್ಲೇ ನಮ್ಮ ಮನೆ ವಿದ್ಯೆ ಉಳ್ಕೊಂಡಿದೆ. ಇಲ್ದಿದ್ರೆ ನಿನ್ನ ಜೊತೆಗೇ ಮಣ್ಣಿಗೆ ಹೋಗ್ತಿತ್ತು."

"ನಿನ್ನ ಒಂಬತ್ತನೇ ವರಸೆ ನೋಡಿದ್ರೆ ಮಣ್ಣಿಗೆ ಹೋಗೋದೇ ವಾಸಿ."

"ಅದರಲ್ಲಿ ಏನು ತಪ್ಪಿದೆ? ಹೇಳು."

"ಊದುಬತ್ತಿ ಹಚ್ಚು. ಮನೆ ಹಿರಿಯರ ಮುಂದೆ ಶಿಷ್ಯನಾಗಿ ಮಂಡಿಯೂರು. ಹೇಳ್ತೀನಿ."

"ಈ ಕಾಲದಲ್ಲಾ?"

"ಹಂಗಾದ್ರೆ ಬಿಡು. ನಿನ್ನ ಬಿಸ್ಕತ್ ಡಬ್ಬಿ ನಿಂಗೆ."

ಇದು ಇಪ್ಪತ್ತು ವರ್ಷಗಳಿಂದ ಸುಯುನ್ ಕೇಳುತ್ತ ಬಂದಿದ್ದ ಜಗಳ. ಅಪ್ಪ ಕುರ್ಚಿಯಿಂದ ಇಳಿಯುವುದಿಲ್ಲ, ಮಗ ಮಂಡಿ ಬಗ್ಗಿಸುವುದಿಲ್ಲ. ತ್ಸಾಂಗ್‌ಜೋ ಸೀಮೆಯ ಆ ಉಪ್ಪು ನೆಲದ ಹಳ್ಳಿಯಲ್ಲಿ ಎಲಚಿ ಮರ ಬಿಟ್ಟರೆ ಬೆಳೆಯುತ್ತಿದ್ದದ್ದು ಗಂಡಸರ ಜಂಬ ಒಂದೇ ಎಂದು ಅವಳು ತವರಿಗೆ ಹೋದಾಗಲೆಲ್ಲ ಹೇಳಿ ನಗಿಸುತ್ತಿದ್ದಳು.

ಮನೆತನದ ಹೆಸರಿನಲ್ಲೇ ನಡೆದುಬಂದ ಟೋಂಗ್ ಮುಷ್ಟಿ ಎಂಬ ಆ ವಿದ್ಯೆಯಲ್ಲಿ ಇದ್ದದ್ದು ಮೂವತ್ತಾರು ವರಸೆ. ಮಾವ, ಆ ಮುದುಕರು, ಬೆಳಗಿನ ಜಾವ ಅಂಗಳದಲ್ಲಿ ಅದನ್ನು ಮಾಡುವಾಗ ಬೀದಿಬಾಗಿಲಿಗೆ ಅಡ್ಡಪಟ್ಟಿ ಬೀಳಲೇಬೇಕು. ಗೋಡೆಯ ಮೇಲೆ ಗಾಜಿನ ಚೂರು. ಪಕ್ಕದ ಮನೆಯವರು ಚಾವಣಿಯ ಮೇಲೆ ಜೋಳ ಒಣಗಿಸಲು ಹತ್ತಿದರೂ ಇವರು ಕೈ ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕದಿಯುತ್ತಾರಂತೆ!

ಈ ವಿದ್ಯೆ ಸುಯುನ್‌ಗೆ ಬಂದದ್ದೂ ಅವಳ ಮೇಲಿನ ಪ್ರೀತಿಯಿಂದಲ್ಲ. ಮಗ ಹನ್ನೊಂದಕ್ಕೇ ಕ್ರೀಡಾಶಾಲೆ ಸೇರಿ ಅಲ್ಲಿಯ ಪಾಠ ಕಲಿತು ಬಂದಿದ್ದ. ಆಗಿನ್ನೂ ಬದುಕಿದ್ದ ಅತ್ತೆಯ ಕೀಲುಗಳು ಸವೆದಿದ್ದವು. ಎದುರು ನಿಂತು ಹೊಡೆಸಿಕೊಳ್ಳಲು ಮುದುಕರಿಗೆ ಒಂದು ಮೈ ಬೇಕಿತ್ತು. ಮದುವೆಯಾದ ತಿಂಗಳಿಗೆ ಸೊಸೆಯನ್ನು ಅಂಗಳಕ್ಕೆ ಕರೆದು, "ನೀನು ಈ ಮನೆಗೆ ಬಂದೋಳು. ಬಂದೋಳಿಗೆ ಕಲಿಸಬೋದು. ಹೋಗೋಳಿಗೆ, ಅಂದ್ರೆ ಮನೆ ಮಗಳಿಗೆ, ಕಲಿಸಬಾರ್ದು. ಗಂಡನ ಹತ್ರಾನೂ ಬಾಯಿ ಬಿಡಬೇಡ. ಅವನಿನ್ನೂ ಮಂಡಿಯೂರಿಲ್ಲ," ಎಂದಿದ್ದರು. ಅಂದಿನಿಂದ ಬನ್ನಿನ ಹಿಟ್ಟು ಹುದುಗು ಬರುವಷ್ಟು ಹೊತ್ತು ದಿನವೂ ಮಾವನ ಎದುರು ನಿಲ್ಲುವುದು ಸುಯುನ್‌ಗೆ ಪಾತ್ರೆ ತಿಕ್ಕುವಂಥದೇ ಒಂದು ಕೆಲಸವಾಯಿತು. ಮುಂಗೈ ತುಂಬ ಕಂದಿದ ಗುರುತು. ಸಂತೆಯಲ್ಲಿ ನೋಡಿದವರು ಕೈಷಾನ್ ಹೊಡೆಯುತ್ತಾನೆಂದು ಕನಿಕರಪಡುತ್ತಿದ್ದರು. ಅವನ ಕೈಯಲ್ಲಿ ಅದೆಲ್ಲಿ ಸಾಧ್ಯ!

ಸೆಪ್ಟೆಂಬರಿನಲ್ಲಿ ಕೈಷಾನ್ ಒಂದು ಸುತ್ತೋಲೆ ಹಿಡಿದು ಓಡಿಬಂದ. ತಾಲ್ಲೂಕಿನ ಸಾಂಪ್ರದಾಯಿಕ ಮುಷ್ಟಿವಿದ್ಯೆಯ ಸ್ಪರ್ಧೆಯಲ್ಲಿ ಈ ಸಲ ಟೋಂಗ್ ಮುಷ್ಟಿಗೇ ಪ್ರತ್ಯೇಕ ವಿಭಾಗ. ಅದರಲ್ಲಿ ಮೊದಲು ಬಂದವರ ಗುರುವಿಗೆ 'ಅಧಿಕೃತ ವಾರಸುದಾರ' ಎಂಬ ಹಿತ್ತಾಳೆ ಫಲಕ.

"ಮಿಯಾನ್‌ನ ಇಳಿಸ್ತೀನಿ. ಗೆದ್ರೆ ಮೇಲಿನ ಶಾಲೆ ಸೇರೋಕೆ ಅಂಕಾನೂ ಸಿಗುತ್ತೆ," ಅಂದ.

"ಅವಳಿಗೆ ಏನು ಕಲಿಸ್ತೀಯ?" ಮುದುಕರು ಕೇಳಿದರು.

"ನಂಗೆ ಬರೋದನ್ನ. ತಾಲ್ಲೂಕಿನ ಪುಸ್ತಕದಲ್ಲಿ ಇರೋದನ್ನ."

"ಹೋ, ಅದನ್ನಾ? ಕಲಿಸ್ಕೋ ಕಲಿಸ್ಕೋ!" ಎಂದು ಮುದುಕರು ಹೊಟ್ಟೆ ಕುಲುಕಿಸಿ ನಕ್ಕರು. ಯಾಕೆ ನಕ್ಕರೆಂದು ಆಗ ಯಾರಿಗೂ ತಿಳಿಯಲಿಲ್ಲ.

ಸುಯುನ್ ಸೌಟು ಕೆಳಗಿಟ್ಟಳು. "ಮಾವ, ಹುಡುಗಿಗೆ ನೀವೇ ಕಲಿಸಿ."

"ಹೋಗೋಳು ಅವಳು."

"ನಾನೂ ಒಂದು ಮನೆಯಿಂದ ಹೋದೋಳೇ."

"ಅಲ್ಲಿಂದ ಹೋಗಿ ಇಲ್ಲಿಗೆ ಬಂದೆಯಲ್ಲ. ಅದಕ್ಕೇ ನಿಂಗೆ ಕಲಿಸಿದ್ದು."

"ಮತ್ತೆ ನಿಮ್ಮ ಕಾಲ ಮುಗಿದ್ಮೇಲೆ? ಮಗ ಮಂಡಿಯೂರಲ್ಲ, ಮೊಮ್ಮಗಳು ಹೋಗೋಳು. ನಾನು ಯಾರಿಗೆ ಕೊಡ್ಲಿ? ಬೆಕ್ಕಿಗಾ?"

"ಕೊಡಬೇಡ. ಹೋದ್ರೆ ಹೋಗ್ಲಿ. ಕಂಡೋರ ಮನೆ ಸೇರೋದು ಬೇಡ."

ಸುಯುನ್‌ಗೆ ಮೈ ಉರಿದುಹೋಯಿತು. ಇಪ್ಪತ್ತು ವರ್ಷ ತನ್ನ ಮೈಮೇಲೆ ಹೊಡೆದು ಹೊಡೆದು ಬರೆದದ್ದನ್ನು ಈ ಮುದುಕ ತನ್ನ ಮಗಳಿಗೆ ಸಿಗದಂತೆ ಹೂಳಲು ಹೊರಟಿದ್ದಾನೆ! ಮಿಯಾನ್‌ಗೆ ಅದು ಸಿಗಲೇಬೇಕು, ಯಾರು ಏನೇ ಅನ್ನಲಿ ಎಂದು ಅವಳು ಗಂಜಿ ಬಡಿಸುತ್ತಲೇ ನಿರ್ಧರಿಸಿದಳು.

ಮರುದಿನ ಶಾಲೆ ಬಿಟ್ಟು ಬಂದ ಮಗಳನ್ನು ಜೋಳ ತಿರುವಿಹಾಕುವ ನೆಪದಲ್ಲಿ ಚಾವಣಿಗೆ ಹತ್ತಿಸಿದಳು. ಕೆಳಗೆ ಮುದುಕರು ಬಿಸಿಲಿಗೆ ತೂಕಡಿಸುತ್ತಿದ್ದರು.

"ಒಂಬತ್ತನೇದು ಮಾಡು."

ಮಿಯಾನ್ ಅಪ್ಪ ಕಲಿಸಿದ್ದಂತೆ ಎಡಗೈಯನ್ನು ಆಕಾಶಕ್ಕೆ ಎತ್ತಿದಳು. 'ಕೊಕ್ಕರೆ ರೆಕ್ಕೆ ಬಿಚ್ಚುವುದು' ಎಂದು ಅದಕ್ಕೆ ಹೆಸರು. ನೋಡಲು ಬಲು ಚೆಂದ. ಸುಯುನ್ ಒಂದು ಜೋಳದ ತೆನೆ ತೆಗೆದು ಬಿಚ್ಚಿಕೊಂಡ ಪಕ್ಕೆಗೆ ತಿವಿದಳು.

"ಅಮ್ಮಾ! ನೋಯುತ್ತೆ!"

"ತೆನೆಗೇ ಹಿಂಗೆ. ಮುಷ್ಟಿ ಆಗಿದ್ರೆ? ಕೈ ಎತ್ತಬೇಡ. ಮೊಣಕೈ ಕೆಳಗೆ ಕೂರಿಸು, ಪಕ್ಕೆಗೆ ಬಾಗಿಲು ಹಾಕಿದ ಹಾಗೆ."

"ಅಪ್ಪ ಮೇಲೆ ಅಂತಾರೆ."

"ನಿಮ್ಮಪ್ಪ ಫೋಟೋಗೆ ಮಾಡೋದು."

"ತೀರ್ಪುಗಾರರು ಅಂಕ ಕಿತ್ಕೊಂಡ್ರೆ?"

"ತೀರ್ಪುಗಾರರಿಗೆ ಅಸಲಿ ಯಾವುದು ನಕಲಿ ಯಾವುದು ಅಂತ ಗೊತ್ತಿರಲ್ವೇನೇ?"

ಲೋಕವನ್ನೆಲ್ಲ ಮೂಗು ಮುರಿದು ನೋಡುತ್ತಿದ್ದ ಸುಯುನ್ ಅದೊಂದು ವಿಷಯದಲ್ಲಿ ಮಾತ್ರ ಹೇಗೆ ಅಷ್ಟು ಪೆದ್ದಿಯಾದಳೋ!

ಆರು ವಾರ ಚಾವಣಿಯಲ್ಲಿ ಜೋಳ ಒಣಗಿತು. ಗಂಡ ಮಾಡುತ್ತಿದ್ದದ್ದಕ್ಕಿಂತ ಬೇರೆಯಾಗಿದ್ದ ವರಸೆಗಳು ಮೂರು: ಒಂಬತ್ತು, ಹದಿನೇಳು, ಮೂವತ್ತೊಂದು. ಮೊಬೈಲ್ ಬಿಡದ, ತಟ್ಟೆ ತೊಳೆಯದ, ಮಾತಿಗೆ ಮಾತು ಎದುರಾಡುವ ಆ ಹುಡುಗಿ ಮೂರನ್ನೂ ಹೀರಿಕೊಂಡಳು. ಅಪ್ಪನ ಎದುರು ಅವನದೇ ರೀತಿ, ಚಾವಣಿಯ ಮೇಲೆ ಅಮ್ಮನ ರೀತಿ. ಮೋಸ ಮಾಡುವುದನ್ನು ಈ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸ್ಪರ್ಧೆಯ ದಿನ ಮುದುಕರೂ ಹೊರಟರು. "ಕೋತಿ ಕುಣಿತ ನೋಡಿ ಬಹಳ ದಿನ ಆಯ್ತು," ಅಂದರು.

ಒಳಾಂಗಣ ಕ್ರೀಡಾಂಗಣದಲ್ಲಿ ಹೊಗೆ ಯಂತ್ರ, ಬಣ್ಣದ ದೀಪ, ಕಿವಿ ತೂತಾಗುವ ಸಂಗೀತ. ಟೋಂಗ್ ಮುಷ್ಟಿ ವಿಭಾಗಕ್ಕೆ ಏಳು ಮಂದಿ. ಏಳೂ ಕೈಷಾನ್ ನಡೆಸುತ್ತಿದ್ದ ತರಬೇತಿ ಕೇಂದ್ರದವರೇ. ತನ್ನ ಕೋಳಿಗಳನ್ನೇ ತಂದು ಕಾಳಗಕ್ಕೆ ಬಿಟ್ಟವನ ಹಾಗೆ ಅವನು ಬೀಗುತ್ತಿದ್ದ. ಮೊದಲು ವೇದಿಕೆ ಹತ್ತಿದವಳು ಪಕ್ಕದ ಮನೆಯ ಹೌ ಅಕ್ಕ. ಅರವತ್ತರ ಹೆಂಗಸು, ಗುಲಾಬಿ ರೇಷ್ಮೆ, ತುಟಿಗೆ ಬಣ್ಣ. ಒಂಬತ್ತನೇ ವರಸೆಗೆ ಕೈಯನ್ನು ಎಷ್ಟು ಎತ್ತಿದಳೆಂದರೆ ಕಂಕುಳ ಹೊಲಿಗೆ ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು. ಅಂಕ ಒಂಬತ್ತು ಚಿಲ್ಲರೆ.

ಕೊನೆಯವಳು ಮಿಯಾನ್. ಹುಡುಗಿ ಸಂಗೀತ ಬೇಡವೆಂದಳು. ನಡುಗದೆ, ನಗದೆ ಮೂವತ್ತಾರನ್ನೂ ಮುಗಿಸಿದಳು. ಒಂಬತ್ತಕ್ಕೆ ಮೊಣಕೈ ಪಕ್ಕೆಯ ಮೇಲೆ ಕೂತಾಗ ಸುಯುನ್ ಮಾವನ ಕಡೆ ನೋಡಿದಳು. ಮುದುಕರು ತಿನ್ನುತ್ತಿದ್ದ ಸೂರ್ಯಕಾಂತಿ ಬೀಜ ಬಾಯಲ್ಲೇ ಉಳಿದಿತ್ತು. ಉಳಿದ ಸಭೆಯೆಲ್ಲ ಮೊಬೈಲ್ ನೋಡುತ್ತಿತ್ತು.

ಅಂಕ ಬಂತು: ಏಳು ಬಿಂದು ಆರು. ಕೊನೆಯ ಸ್ಥಾನ.

ಕೈಷಾನ್ ಹೆಂಡತಿಯ ಮೇಲೆ ಹಾರಿದ. "ನೀನೇ ತಾನೇ? ಚಾವಣಿ ಮೇಲೆ ನೀನೇ ತಾನೇ ಹಾಳು ಮಾಡಿದ್ದು?"

ಅಷ್ಟರಲ್ಲಿ ಮುದುಕರು ಎದ್ದು, ಯಾರ ಕೈಯನ್ನೂ ಹಿಡಿಯದೆ ನೇರ ತೀರ್ಪುಗಾರರ ಮೇಜಿಗೆ ನಡೆದರು. ಸುಯುನ್ ಹಿಂದೆಯೇ ಓಡಿದಳು, ಕೈಷಾನ್ ಅವಳ ಹಿಂದೆ.

"ಆ ಹುಡುಗಿ ಎಲ್ಲಿ ತಪ್ಪಿದ್ಲು?" ಮುದುಕರು ಕೇಳಿದರು.

ತೀರ್ಪುಗಾರ ಕನ್ನಡಕದ ಯುವಕ, ಬಲು ವಿನಯವಂತ. "ಮೂರು ಕಡೆ, ಹಿರಿಯರೇ. ಒಂಬತ್ತು, ಹದಿನೇಳು, ಮೂವತ್ತೊಂದು. ಪುಸ್ತಕದಲ್ಲಿ ಇರೋ ಹಾಗೆ ಮಾಡ್ಲಿಲ್ಲ."

"ಪುಸ್ತಕ ತಪ್ಪು."

"ಇದನ್ನ ಬರೆಸಿದೋರು ಯಾರು ಅಂತ ನೋಡಿ ಹೇಳಿ." ಯುವಕ ಹಳೆಯ ಪುಸ್ತಕ ತೆರೆದು ಮುಂದೆ ಹಿಡಿದ. ಕಪ್ಪು ಬಿಳುಪು ಚಿತ್ರದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಗಂಡಸು ಎಡಗೈ ಆಕಾಶಕ್ಕೆತ್ತಿ ನಿಂತಿದ್ದ. ಕೆಳಗೆ ಕೆಂಪು ಮೊಹರು. ಟೋಂಗ್ ಬಾಯ್‌ಚೆನ್.

ಸುಯುನ್ ಚಿತ್ರವನ್ನೂ ಮಾವನನ್ನೂ ನೋಡಿದಳು. ಮುದುಕರ ಮುಖದಲ್ಲಿ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು!

"ನಾನೇ," ಅಂದರು. "ನಲವತ್ತು ವರ್ಷದ ಹಿಂದೆ ನಿಮ್ಮ ಕಚೇರಿಯಿಂದ ಮೂರು ಜನ ಬಂದಿದ್ರು. ಊರೂರ ವಿದ್ಯೆ ಬರ್ಕೋತೀವಿ ಅಂದ್ರು. ಎರಡು ಪೊಟ್ಟಣ ಸಿಗರೇಟು ಕೊಟ್ರು. ಎರಡು ಪೊಟ್ಟಣ ಸಿಗರೇಟಿಗೆ ನಮ್ಮ ಮುತ್ತಾತನ ಸೊತ್ತು ಕೊಡ್ತೀನಾ? ಮೂರು ಕಡೆ ತಿರುಚಿ ಕೊಟ್ಟೆ. ಒಂದ್ರಲ್ಲಿ ಪಕ್ಕೆ ಖಾಲಿ, ಒಂದ್ರಲ್ಲಿ ಕಾಲು ಖಾಲಿ, ಒಂದ್ರಲ್ಲಿ ಗಂಟಲು ಖಾಲಿ. ಕದ್ದೋನು ಒದೆ ತಿನ್ಲಿ ಅಂತ."

ಕೈಷಾನ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡ.

"ಅಪ್ಪಾ... ನಾನು ಈ ಪುಸ್ತಕ ನೋಡೇ ಕಲ್ತಿದ್ದು. ಮೂವತ್ತು ವರ್ಷ! ಒಂದು ಮಾತು ಹೇಳಬಾರ್ದಿತ್ತಾ?"

"ಮಂಡಿಯೂರು ಅಂತ ಹೇಳಿದ್ನಲ್ಲ."

ಯುವಕ ಕನ್ನಡಕ ಒರೆಸಿಕೊಂಡ. "ಹಿರಿಯರೇ, ಒಳ್ಳೇದೇ ಆಯ್ತು. ಅಸಲಿದನ್ನ ಈಗಲೇ ತೋರ್ಸಿ. ಕ್ಯಾಮೆರಾ ಇದೆ. ಪುಸ್ತಕ ತಿದ್ತೀವಿ, ಹುಡುಗಿ ಅಂಕಾನೂ ತಿದ್ತೀವಿ."

ಮುದುಕರು ಸಭೆಯತ್ತ ತಿರುಗಿದರು. ಹೊಗೆ ಯಂತ್ರ, ಗುಲಾಬಿ ರೇಷ್ಮೆ, ಐಸ್‌ಕ್ರೀಂ ನೆಕ್ಕುವ ಜನ. ಬಲಗೈ ಅರ್ಧ ಎದ್ದು ಮತ್ತೆ ಅಂಗಿಯ ತೋಳಿನೊಳಗೆ ಸೇರಿಕೊಂಡಿತು.

"ಆಗಲ್ಲ. ಅಪ್ಪನಿಗೆ ಮಾತು ಕೊಟ್ಟಿದೀನಿ."

"ಬೇರೆ ಯಾರಿಗಾದ್ರೂ ಬರುತ್ತಾ?"

ಸುಯುನ್ ಒಂದು ಹೆಜ್ಜೆ ಮುಂದಿಟ್ಟಳು. "ಮಿಯಾನ್ ಅಮ್ಮ," ಎಂದರು ಮಾವ, ಅಷ್ಟೇ. ಅವಳ ಕಾಲು ನಿಂತುಹೋಯಿತು. ಇಪ್ಪತ್ತು ವರ್ಷ ಆ ದನಿಗೆ ಮೈ ಒಡ್ಡಿದ ಅಭ್ಯಾಸ. ಆ ದಿನ ಅವಳಿಗೆ ಮಾವನ ಮೇಲೆ, ಗಂಡನ ಮೇಲೆ ಬಂದ ಹೇಸಿಗೆಗಿಂತ ತನ್ನ ಕಾಲಿನ ಮೇಲೆ ಬಂದ ಹೇಸಿಗೆಯೇ ಹೆಚ್ಚು.

"ಹಾಗಾದ್ರೆ ಪುಸ್ತಕದ್ದೇ ಲೆಕ್ಕ," ಎಂದ ಯುವಕ, ಇನ್ನೂ ವಿನಯದಿಂದಲೇ.

ಹೌ ಅಕ್ಕನಿಗೆ ಮೊದಲ ಸ್ಥಾನ. ಅವಳ ಗುರು ಟೋಂಗ್ ಕೈಷಾನ್ ಅಧಿಕೃತ ವಾರಸುದಾರ. ತಾನು ಕಲಿತದ್ದು ಸುಳ್ಳೆಂದು ಹತ್ತು ನಿಮಿಷದ ಹಿಂದೆ ತಿಳಿದವನು ವೇದಿಕೆ ಹತ್ತಿ, ಎರಡು ಕೈಯಲ್ಲೂ ಫಲಕ ಹಿಡಿದು, ಹಲ್ಲು ಬಿಟ್ಟು ಫೋಟೋಗೆ ನಿಂತ.

ಫಲಕವನ್ನು ಬೀದಿಬಾಗಿಲ ಮೇಲೆಯೇ ಜಡಿದರು. ಪಟಾಕಿ ಸಿಡಿಯಿತು. ಅತಿಥಿಗಳಿಗೆ ಸುಯುನ್ ಇನ್ನೂರು ಕಡುಬು ಮಡಿಸಿ ಬೇಯಿಸಿದಳು, ಒಂದನ್ನೂ ಬಾಯಿಗಿಡಲಿಲ್ಲ. ಅತಿಥಿಗಳು ಹೋದಮೇಲೆ ಮುದುಕರು ಬಾಯಿ ಬಿಟ್ಟರು.

"ಕಳ್ಳಿ."

"ನೀವು ನಂಗೆ ಕೊಟ್ಟಿದ್ದನ್ನ ನನ್ನ ಮಗಳಿಗೆ ಕೊಟ್ಟೆ. ಅದು ಕಳ್ಳತನನಾ?"

"ಇನ್ಮೇಲೆ ನೀನು ಅಂಗಳಕ್ಕೆ ಬರಬೇಡ. ಅವಳೂ ಮರೆತುಬಿಡ್ಲಿ."

"ಮರೆತಾಯ್ತು ತಾತ," ಮಿಯಾನ್ ಸಿಡುಕಿದಳು. "ಏಳು ಬಿಂದು ಆರು ಬಂದಿದ್ದು ಸಾಕು. ನಿಮ್ಮ ಅಸಲಿಯೂ ಬೇಡ, ಅಪ್ಪನ ನಕಲಿಯೂ ಬೇಡ. ಕ್ಲಾಸಿನವರೆಲ್ಲ ಆಡ್ಕೊಂಡು ನಗ್ತಿದಾರೆ."

ಅವಳು ಹೇಳಿದ್ದು ಸುಯುನ್‌ಗೆ ಮಾವನ ಬೈಗುಳಕ್ಕಿಂತ ಹೆಚ್ಚು ತಾಗಿತು. ಮಗಳೇ ಬೇಡವೆಂದ ಮೇಲೆ ಇನ್ನೇನು ಉಳಿಯಿತು?

ಎರಡು ವಾರ ಅಂಗಳ ಖಾಲಿ ಬಿತ್ತು. ಎದುರು ನಿಲ್ಲುವವರಿಲ್ಲದೆ ಮುದುಕರು ಒಬ್ಬರೇ ಎಷ್ಟು ಹೊತ್ತು ಗಾಳಿಗೆ ಗುದ್ದುತ್ತಾರೆ? ಗಂಜಿ ಉಪ್ಪಾಯಿತು ಎಂದು ಕೂಗುವರು; ಮರುದಿನ ಸಪ್ಪೆ ಎಂದು ಕೂಗುವರು. ಕೈಷಾನ್ ಕೇಂದ್ರಕ್ಕೆ ನಲವತ್ತು ಹೊಸ ವಿದ್ಯಾರ್ಥಿಗಳು ಸೇರಿದರೆಂದು ಊಟಕ್ಕೂ ಬಾರದೆ ಓಡಾಡುತ್ತಿದ್ದ. ನಲವತ್ತು ಜೊತೆ ಖಾಲಿ ಪಕ್ಕೆ.

ಚಳಿ ಏರುತ್ತಿದ್ದ ಒಂದು ಬೆಳಗ್ಗೆ ಸುಯುನ್ ಉಪ್ಪಿನಕಾಯಿಯ ಮೂಲಂಗಿ ಹೆಚ್ಚುತ್ತ, ಎದುರಿಗೆ ಕೂತ ಮುದುಕರನ್ನು ನೋಡಿ ತಡೆಯಲಾರದೆ ಅಂದುಬಿಟ್ಟಳು.

"ಮಾವ, ಎಂಬತ್ತು ವರ್ಷ ಬಾಗಿಲು ಹಾಕ್ಕೊಂಡು ಕಾದ್ರಲ್ಲ. ಯಾರಿಂದ?"

"ಕಳ್ಳರಿಂದ. ಬಾಗಿಲು ತೆಗೆದ್ರೆ ಊರೇ ನುಗ್ಗುತ್ತೆ."

"ತೆಗೆದು ನೋಡಿ."

"ಏನಂದೆ?"

"ತೆಗೀರಿ ಅಂದೆ. ಒಬ್ಬ ಕಳ್ಳ ಬಂದ್ರೂ ಸರಿ, ನಾನು ಜನ್ಮದಲ್ಲಿ ನಿಮಗೆದುರು ಮಾತಾಡಲ್ಲ."

ಆ ಮಾತಿನ ಆಸೆಗೋ ಕೋಪಕ್ಕೋ ಮುದುಕರು ಧಡಕ್ಕನೆ ಎದ್ದು ಹೋಗಿ ಅಡ್ಡಪಟ್ಟಿ ಕಿತ್ತರು. ಬೀದಿಬಾಗಿಲಿನ ಎರಡೂ ಕದ ಗೋಡೆಗೆ ಬಡಿದವು. ಅಂಗಳದ ನಡುವೆ ನಿಂತು, ಬೀದಿಗೆ ಮುಖ ಮಾಡಿ, ಟೋಂಗ್ ಮುಷ್ಟಿಯ ಅಸಲಿ ಮೂವತ್ತಾರನ್ನು ಒಂದರಿಂದ ಶುರುಮಾಡಿದರು.

ಕೋಸು ತುಂಬಿದ ಗಾಡಿಯವನು ಒಮ್ಮೆ ನೋಡಿ, "ಕೀಲುನೋವಿಗೆ ಒಳ್ಳೇದು ತಾತ, ಬಿಡಬೇಡಿ," ಎಂದು ಹೊರಟುಹೋದ. ಶಾಲೆಗೆ ಹೋಗುವ ಮಕ್ಕಳು ನೋಡಲೇ ಇಲ್ಲ. ಯಾರದೋ ಕೋಳಿಯೊಂದು ಹೊಸ್ತಿಲು ದಾಟಿ ಒಳಗೆ ಬಂದು ನೆಲ ಕೆದಕತೊಡಗಿತು. ಟೋಂಗ್ ಮನೆತನ ನಾಲ್ಕು ತಲೆಮಾರು ಕಾದು ಕುಳಿತಿದ್ದ ಕಳ್ಳ ಅದೊಂದೇ.

ಒಂಬತ್ತನೇ ವರಸೆಗೆ ಬಂದಾಗ ಬಾಗಿಲಲ್ಲಿ ಹೌ ಅಕ್ಕ ನಿಂತಳು. ಕೈಯಲ್ಲಿ ಮೊಳದುದ್ದದ ಹಸಿ ಈರುಳ್ಳಿ ದಂಟಿನ ಕಟ್ಟು.

"ಅಯ್ಯೋ ಹಿರಿಯರೇ, ಅಲ್ಲಿ ತಪ್ಪಿದ್ರಿ!"

ಮುದುಕರು ನಿಂತರು.

"ಕೈ ಮೇಲೆ ಹೋಗ್ಬೇಕು, ಮೇಲೆ. ಕೊಕ್ಕರೆ ರೆಕ್ಕೆ ಥರ. ನಿಮ್ಮ ಮಗ ಹಾಗೇ ಹೇಳ್ಕೊಡೋದು. ವಯಸ್ಸಾದ್ಮೇಲೆ ಮರೆಯುತ್ತೆ, ಪಾಪ, ಬೇಜಾರು ಮಾಡ್ಕೋಬೇಡಿ. ಇಲ್ನೋಡಿ, ನಾನು ತೋರಿಸ್ತೀನಿ." ಈರುಳ್ಳಿ ಕಟ್ಟನ್ನು ನೆಲಕ್ಕಿಟ್ಟು, ತಾಲ್ಲೂಕಿನ ಪ್ರಥಮ ವಿಜೇತೆ ಅಂಗಳಕ್ಕೆ ಬಂದು ಕೈ ಎತ್ತಿ ನಿಂತಳು.

ಮುದುಕರು ಏನೆಂದು ಹೇಳುವುದು? ಅವಳು ಮಾಡುತ್ತಿದ್ದದ್ದು ಅವರೇ ಕಟ್ಟಿದ ಸುಳ್ಳು, ಅದೂ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ. ಮಾಡಿದ್ದುಣ್ಣೋ ಮಹರಾಯ! ಸುಯುನ್ ಮೂಲಂಗಿ ಬಿಟ್ಟು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮುದುಕರು ನಿಂತ ರೀತಿ ನೋಡಿ ನಗು ನಿಂತುಹೋಯಿತು.

ಒಳಗಿನಿಂದ ಮಿಯಾನ್ ಬಂದಳು. ಶಾಲೆಯ ಚೀಲ ಬೆನ್ನಿಗಿತ್ತು, ಬಾಯಲ್ಲಿ ಅರ್ಧ ಬನ್ನು. ನೆಲದ ಮೇಲಿನ ಕಟ್ಟಿನಿಂದ ಒಂದು ಈರುಳ್ಳಿ ದಂಟು ಎಳೆದುಕೊಂಡು, ಎತ್ತಿದ ಕೈಯ ಕೆಳಗೆ ಹೌ ಅಕ್ಕನ ಪಕ್ಕೆಗೆ ನೆಟ್ಟಗೆ ತಿವಿದಳು.

"ಅಮ್ಮಮ್ಮಾ!" ಹೌ ಅಕ್ಕ ಎರಡು ಹೆಜ್ಜೆ ಹಿಂದೆ ಹಾರಿದಳು. ಕೋಳಿ ರೆಕ್ಕೆ ಬಡಿದು ಓಡಿತು. "ಏನೇ ಇದು, ಹುಚ್ಚು ಹುಡುಗಿ!"

"ಕೊಕ್ಕರೆಗೆ ಪಕ್ಕೆ ಇಲ್ವಾ ದೊಡ್ಡಮ್ಮ?" ಮಿಯಾನ್ ಬನ್ನು ನುಂಗಿದಳು. "ನಮ್ಮ ತಾತನಿಗೆ ಏನೂ ಮರೆತಿಲ್ಲ. ಹೋಗಿ ನಿಮ್ಮ ಹೊಲಿಗೆ ಹಾಕ್ಕೊಳ್ಳಿ."

ಹೌ ಅಕ್ಕ ಈರುಳ್ಳಿ ಬಾಚಿಕೊಂಡು, ಫಲಕ ಬಂದ ಮನೆಯ ಸೊಕ್ಕೇ ಸೊಕ್ಕು ಎಂದು ಬೀದಿಯುದ್ದಕ್ಕೂ ಬೈಯುತ್ತ ಹೋದಳು. ಮಿಯಾನ್ ಚೀಲ ಕಳಚಿ ಮೂಲೆಗೆ ಎಸೆದಳು. ತಾತನ ಮುಖ ನೋಡದೆ, ಅವರ ಹಿಂದೆ ಒಂದು ಮಾರು ದೂರ ನಿಂತು, ಒಂಬತ್ತನೇ ವರಸೆಗೆ ಮೊಣಕೈ ಮಡಚಿದಳು.

ಮುದುಕರು ತಿರುಗಿ ಮೊಮ್ಮಗಳನ್ನು ನೋಡಿದರು. ಆಮೇಲೆ ಹೊಸ್ತಿಲ ಬಳಿ ಬಿದ್ದಿದ್ದ ಅಡ್ಡಪಟ್ಟಿಯನ್ನು ನೋಡಿದರು. ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ.

"ಮೊಣಕೈ," ಎಂದರು, ಎಂದಿನ ಸಿಡುಕು ದನಿಯಲ್ಲೇ. "ಇನ್ನೂ ಕೆಳಗೆ."